ಮುಚ್ಚಿದ ಡಬ್ಬಿಯೊಳಗಿನ ಶೀಲ

☸️ *ಇಂದಿನ ಧಮ್ಮ ಚಿಂತನೆ*
ಹಿಟ್ನಾಳದ ನಮ್ಮ ಅಧ್ಯಯನ ಬಳಗದಿಂದ

 



ತಥಾಗತರು ಬಾಲಕ ರಾಹುಲನಿಗೆ ಅಂಬಲಟ್ಠಿಕೆಯಲ್ಲಿ ಕೊಟ್ಟ ಉಪದೇಶವನ್ನು ನಾವು ಹಲವು ಸಲ ಓದಿದ್ದೇವೆ. ಮಜ್ಝಿಮ ನಿಕಾಯದ 61ನೆಯ ಸುತ್ತ ಅದು. ಬುದ್ಧರು ಕಾಲು ತೊಳೆದುಕೊಂಡು, ಪಾತ್ರೆಯ ತಳದಲ್ಲಿ ಉಳಿದ ಒಂದಿಷ್ಟು ನೀರನ್ನು ತೋರಿಸುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಲು ನಾಚದವನಲ್ಲಿ ಉಳಿಯುವ ಸಾಧುತನ ಇಷ್ಟೇ ಎಂದು ತಿಳಿಸುತ್ತಾರೆ. ಆ ನೀರನ್ನೂ ಚೆಲ್ಲಿ ಪಾತ್ರೆಯನ್ನು ಬೋರಲು ಹಾಕುತ್ತಾರೆ. ಆಮೇಲೆ ಕನ್ನಡಿ ಯಾತಕ್ಕೆ ಇರುವುದು ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಪ್ರತಿಯೊಂದು ಕೆಲಸವನ್ನೂ ನೋಡಿಕೊಂಡು, ನೋಡಿಕೊಂಡು ಮಾಡಬೇಕು ಎನ್ನುವುದು ಉಪದೇಶದ ಸಾರ. ಮಾಡುವ ಮೊದಲು ನೋಡು, ಮಾಡುವಾಗ ನೋಡು, ಮಾಡಿದ ಮೇಲೂ ನೋಡು. ಇದರಿಂದ ನನಗೆ ಕೇಡಿದೆಯೇ? ಬೇರೆಯವರಿಗೆ ಕೇಡಿದೆಯೇ? ಇಬ್ಬರಿಗೂ ಕೇಡಿದೆಯೇ?

ಈ ಉಪದೇಶವನ್ನು ನಾವು ಮಾತಿಗೆ, ಸಿಟ್ಟಿಗೆ, ಮನೆಯ ಜಗಳಕ್ಕೆ ಹಚ್ಚಿ ನೋಡುತ್ತೇವೆ. ಅದು ಸರಿಯೇ. ಆದರೆ ನಮ್ಮಲ್ಲಿ ಬಹಳ ಜನ ಕೈಕೆಲಸದವರು. ವೈರಿಂಗ್ ಮಾಡುವವರು, ಗಾರೆ ಕೆಲಸದವರು, ಮೋಟಾರು ಸುತ್ತುವವರು, ಬಟ್ಟೆ ಹೊಲಿಯುವವರು. ನಮ್ಮ ದಿನದ ಹೆಚ್ಚು ಹೊತ್ತು ಕೈಯಲ್ಲಿ ಕಳೆಯುತ್ತದೆ. ಆದ್ದರಿಂದ ಇವತ್ತು ಈ ಮೂರು ನೋಟಗಳನ್ನು ಒಂದು ಕೈಕೆಲಸಕ್ಕೆ ಹಚ್ಚಿ ನೋಡೋಣ.

ನಮ್ಮ ಕೇರಿಯ ಅಂಬೇಡ್ಕರ್ ಭವನಕ್ಕೆ ಸಂಜೆ ಓದಲು ಬರುವ ಮಕ್ಕಳಿಗಾಗಿ ಒಂದು ಹಳೆಯ ಲ್ಯಾಪ್‌ಟಾಪ್ ದಾನವಾಗಿ ಬಂದಿದೆ. ಕೆಲಸಕ್ಕೇನೂ ಕೊರತೆ ಇಲ್ಲ, ಆದರೆ ಬ್ಯಾಟರಿ ಸತ್ತಿತ್ತು. ವೈರು ಕಿತ್ತರೆ ಆ ಕ್ಷಣವೇ ಆರಿಹೋಗುತ್ತಿತ್ತು. ಸಂಜೆ ಕರೆಂಟು ಹೋದರೆ ಪಾಠವೂ ಹೋದಂತೆ. ಸ್ಪರ್ಧಾ ಪರೀಕ್ಷೆಗೆ ಓದುತ್ತಿರುವ ತಂಗಿಯೊಬ್ಬಳು ಮುಕ್ಕಾಲು ತುಂಬಿದ ಅರ್ಜಿಯನ್ನು ಹೀಗೆಯೇ ಎರಡು ಸಲ ಕಳೆದುಕೊಂಡಳು. ಆ ಮಾದರಿಗೆ ಕಂಪನಿಯ ಬ್ಯಾಟರಿ ಈಗ ಸಿಗುವುದಿಲ್ಲ. ಒಳಗಿನ ಸೆಲ್ ಬದಲಿಸಿ ನಾವೇ ಕಟ್ಟಬೇಕು. ನನ್ನದು ವಿದ್ಯುತ್ ಕೆಲಸ. ಬಳಗದ ಇನ್ನೊಬ್ಬ ತಮ್ಮನಿಗೆ ಮೊಬೈಲ್ ರಿಪೇರಿ ಗೊತ್ತು. ಇಬ್ಬರೂ ಕೂತು ಆ ಕೆಲಸ ಮಾಡಿದೆವು.

*ಮಾಡುವ ಮೊದಲು*

ಲ್ಯಾಪ್‌ಟಾಪಿನ ಬ್ಯಾಟರಿ ಹೊರಗಿನಿಂದ ಒಂದೇ ಡಬ್ಬಿ. ಒಳಗೆ ಆರು ಸೆಲ್ಲುಗಳು. ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದಕ್ಕೇ 18650 ಎಂಬ ಹೆಸರು. ಎರಡೆರಡು ಸೆಲ್ಲುಗಳನ್ನು ಅಕ್ಕಪಕ್ಕ ಸೇರಿಸಿ ಜೋಡಿ ಮಾಡಿರುತ್ತಾರೆ. ಅಂಥ ಮೂರು ಜೋಡಿಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಕಟ್ಟಿರುತ್ತಾರೆ. ಒಂದು ಸೆಲ್ 3.6 ವೋಲ್ಟ್, ಮೂರು ಸೇರಿದರೆ 10.8 ವೋಲ್ಟ್. ಇವುಗಳ ಮೇಲೆ ಕಣ್ಣಿಡಲು ಒಂದು ಸಣ್ಣ ಬೋರ್ಡು ಇರುತ್ತದೆ.

ಸಾಲಿನಲ್ಲಿ ಒಂದು ಜೋಡಿ ಬಿದ್ದರೆ ಬೋರ್ಡು ಇಡೀ ಡಬ್ಬಿಯನ್ನು ನಿಲ್ಲಿಸುತ್ತದೆ. ಹೊರಗಿದ್ದವರು ಬ್ಯಾಟರಿ ಸತ್ತಿತು ಎನ್ನುತ್ತಾರೆ. ಒಳಗೆ ಸತ್ತದ್ದು ಎಷ್ಟು, ಬದುಕಿದ್ದು ಎಷ್ಟು ಎನ್ನುವುದು ತೆರೆದು ಅಳೆದರೆ ಮಾತ್ರ ತಿಳಿಯುತ್ತದೆ. ನಾವು ಮೀಟರು ಹಿಡಿದು ಅಳೆದೆವು. ಎರಡು ಜೋಡಿಗಳಲ್ಲಿ 3.5 ಮತ್ತು 3.4 ವೋಲ್ಟ್ ಇತ್ತು. ಮೂರನೆಯದರಲ್ಲಿ 0.9.

ತಮ್ಮ ಅಂದ, "ಅಣ್ಣಾರ, ಇವಕ್ಕೂ ಒಂದೀಟು ಕರೆಂಟ್ ಕೊಟ್ರ ಎದ್ದು ಕೂಡ್ತಾವ. ಮುಚ್ಚಿ ಅಂಟಿಸಿದ ಮ್ಯಾಲ ಒಳಗ ಏನೈತಿ ಅಂತ ಯಾರು ನೋಡ್ತಾರ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಭವನದ ಡಬ್ಬಿಯಲ್ಲಿ ರೊಕ್ಕ ಕಡಿಮೆ ಇತ್ತು. ಮಕ್ಕಳು ದಿನಾ ಕೇಳುತ್ತಿದ್ದರು. ಅಂಗಡಿಗಳಲ್ಲಿ ಎಷ್ಟೋ ಬ್ಯಾಟರಿಗಳು ಹೀಗೆಯೇ ಎದ್ದು ಕೂತು ಮಾರಾಟವಾಗುತ್ತವೆ. ಮತ್ತು ಅವನು ಹೇಳಿದ್ದು ನಿಜ: ಚಾರ್ಜ್ ಕೊಟ್ಟರೆ ಅವು ಏಳುತ್ತವೆ.

ಆದರೆ ಎದ್ದ ಮೇಲೆ ಏನಾಗುತ್ತದೆ? ಲಿಥಿಯಂ ಸೆಲ್ ಬಹಳ ದಿನ ತೀರಾ ಕೆಳಗಿನ ವೋಲ್ಟೇಜಿನಲ್ಲಿ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇಡದ ಕಡೆ ಹೋಗಿ ಕೂತು, ಒಳಗೊಳಗೇ ಶಾರ್ಟ್ ಆಗುವ ಅಪಾಯ ಇದೆ. ಒಳಗಿರುವ ದ್ರವ ಉರಿಯುವಂಥದ್ದು. ಒಂದು ಸೆಲ್ ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಅದು ತನ್ನ ಪಕ್ಕದ್ದನ್ನು. ಈ ಡಬ್ಬಿ ಇರುವುದು ಒಂದು ಮಗುವಿನ ತೊಡೆಯ ಮೇಲೆ.

ಯಾರು ನೋಡ್ತಾರೆ ಎಂಬ ಪ್ರಶ್ನೆಯ ಬಗ್ಗೆ ನಾವು ಆ ಸಂಜೆ ಬಹಳ ಹೊತ್ತು ಮಾತಾಡಿದೆವು. ಹಿಂದಿನ ನಂಬಿಕೆಯಲ್ಲಿ ಇದಕ್ಕೆ ಸಿದ್ಧ ಉತ್ತರ ಇತ್ತು: ದೇವರು ನೋಡ್ತಾನೆ. ನೋಡಿದ ದೇವರಿಗೆ ಒಂದು ಕಾಯಿ ಒಡೆದರೆ, ಒಂದು ಹರಕೆ ಕಟ್ಟಿದರೆ ಲೆಕ್ಕ ತೀರಿತು ಎಂದೂ ಇತ್ತು. ನಾವು ಆ ಲೆಕ್ಕವನ್ನು ಬಿಟ್ಟು ಬಂದವರು. ಬೇರೆ ಧರ್ಮಗಳಲ್ಲಿ ದೇವರಿಗೆ ಇರುವ ಜಾಗ ಧಮ್ಮದಲ್ಲಿ ನೀತಿಗೆ ಇದೆ ಎಂದು ಬಾಬಾಸಾಹೇಬರು *ಬುದ್ಧ ಮತ್ತು ಆತನ ಧಮ್ಮ* ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ. ಹಾಗಿದ್ದರೆ ನಮ್ಮ ಜವಾಬ್ದಾರಿ ಹಗುರವಾಗಿಲ್ಲ, ಭಾರವಾಗಿದೆ. ಡಬ್ಬಿ ಮುಚ್ಚಿದ ಮೇಲೆ ಒಳಗೇನಿದೆ ಎಂದು ಬಲ್ಲವರು ಕಟ್ಟಿದವರಿಬ್ಬರೇ. ಅಲ್ಲಿ ಶೀಲ ಇದ್ದರೆ ನಾವು ಇಟ್ಟದ್ದರಿಂದ ಇದೆ, ಇಲ್ಲದಿದ್ದರೆ ಯಾವ ಪೂಜೆಯಿಂದಲೂ ಬರುವುದಿಲ್ಲ.

ತಮ್ಮ ಆ ಎರಡು ಸೆಲ್ಲುಗಳನ್ನು ತಾನೇ ಎತ್ತಿ ಬೇರೆ ಇಟ್ಟ.

ಉಳಿದ ನಾಲ್ಕನ್ನು ಒಂದೊಂದಾಗಿ ಬಿಡಿಸಿ, ಬೇರೆ ಬೇರೆಯಾಗಿ ತುಂಬ ಚಾರ್ಜ್ ಮಾಡಿ ಒಂದು ವಾರ ಸುಮ್ಮನೆ ಇಟ್ಟೆವು. ಮೂರು ಸೆಲ್ಲುಗಳು ತುಂಬಿದ ವೋಲ್ಟೇಜನ್ನು ಹೆಚ್ಚು ಕಡಿಮೆ ಹಾಗೇ ಉಳಿಸಿಕೊಂಡವು. ಒಂದು ಯಾರೂ ಮುಟ್ಟದೆ 4.18ರಿಂದ 3.9ಕ್ಕೆ ಇಳಿದಿತ್ತು. ಮೊದಲ ದಿನ ನಾಲ್ಕೂ ಒಂದೇ ಥರ ಕಂಡಿದ್ದವು. ಕಾದು ನೋಡಿದ್ದರಿಂದ ಒಳಸೋರಿಕೆ ತಿಳಿಯಿತು. ಆರು ಬೇಕಾದ ಕಡೆ ಮೂರು ಉಳಿದವು. ಮೂರು ಹಳೆಯದಕ್ಕೆ ಮೂರು ಹೊಸದು ಬೆರೆಸುವ ಹಾಗಿಲ್ಲ. ತಾಕತ್ತು ಬೇರೆಯಾದ ಸೆಲ್ಲುಗಳನ್ನು ಒಂದೇ ಸಾಲಿಗೆ ಕಟ್ಟಿದರೆ ಬಲ ಕಡಿಮೆ ಇದ್ದದ್ದು ಎಲ್ಲದಕ್ಕಿಂತ ಮೊದಲು ಬರಿದಾಗುತ್ತದೆ, ಎಲ್ಲದಕ್ಕಿಂತ ಮೊದಲು ತುಂಬಿ ಹಿಂಸೆ ಅನುಭವಿಸುತ್ತದೆ. ಆದ್ದರಿಂದ ಒಂದೇ ಮಾದರಿಯ ಆರು ಹೊಸ ಸೆಲ್ ತರುವುದೆಂದು ತೀರ್ಮಾನಿಸಿದೆವು. ಬಳಗದವರು ಕೂಡಿ ರೊಕ್ಕ ಹಾಕಿದರು.

ಕೊಳ್ಳುವಾಗಲೂ ಒಂದು ಪಾಠ ಇತ್ತು. ಬಣ್ಣದ ಹೊದಿಕೆಯ ಮೇಲೆ 9900 ಎಂದು ಅಚ್ಚಾದ ಸೆಲ್ಲುಗಳು ಅಗ್ಗಕ್ಕೆ ಸಿಗುತ್ತವೆ. ಈ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ ಹಿಡಿಯುವುದು 2000ದಿಂದ 3500 ಮಿಲಿಆಂಪ್-ಅವರ್. ಹೆಚ್ಚು ಬರೆದದ್ದೆಲ್ಲ ಕಾಗದದ ಮೇಲಿನ ದೊಡ್ಡಸ್ತಿಕೆ. ಕೇಸಮುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದೂ ಇದನ್ನೇ ಅಲ್ಲವೇ? ಪರಂಪರೆಯಿಂದ ಬಂತು ಎಂದು ನಂಬಬೇಡಿ, ಹೇಳಿದವರು ದೊಡ್ಡವರು ಎಂದು ನಂಬಬೇಡಿ, ನೀವೇ ಪರೀಕ್ಷಿಸಿ ತಿಳಿದು ಒಪ್ಪಿಕೊಳ್ಳಿ. ಮೇಲಿನ ಚೀಟಿಯನ್ನು ನಂಬಿದ ಸಮಾಜ ನಮ್ಮನ್ನು ಎಷ್ಟು ತಲೆಮಾರು ಹೊರಗಿಟ್ಟಿತು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹುಟ್ಟಿನ ಚೀಟಿ ನೋಡಿ ಒಬ್ಬನನ್ನು ಮೇಲೆ ಕೂಡಿಸಿದರು, ಇನ್ನೊಬ್ಬನನ್ನು ಊರ ಹೊರಗೆ ನಿಲ್ಲಿಸಿದರು. ಮೀಟರು ಹಿಡಿದು ಅಳೆಯಲು ಯಾರೂ ಬರಲಿಲ್ಲ.

*ಮಾಡುವಾಗ*

ಕೆಲಸಕ್ಕೆ ಕೂಡುವ ಮೊದಲು ಉಂಗುರ, ವಾಚು, ಕೈಗಡಗ ತೆಗೆದಿಟ್ಟೆವು. ನೆಲದ ಮೇಲೆ ಕಲ್ಲುಬಂಡೆ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಮಕ್ಕಳಿಗೆ ದೂರದಿಂದ ನೋಡಲು ಹೇಳಿದೆವು.

ಸೆಲ್ಲಿನ ಮೇಲಿನ ಚಿಕ್ಕ ಟೊಪ್ಪಿಗೆ ಮಾತ್ರ ಧನ. ಉಳಿದ ಇಡೀ ಲೋಹದ ಮೈ ಋಣ. ನಡುವೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಅದು ಒಂದು ಕಡೆ ಗೀರಿ ಹರಿದಿದ್ದರೂ ಶಾರ್ಟ್ ಆಗಬಹುದು. ಹಾಗಾಗಿ ಪ್ರತಿ ಟೊಪ್ಪಿಗೆಯ ಸುತ್ತ ಬಳೆಯಂತೆ ಕತ್ತರಿಸಿದ ನಿರೋಧಕ ಕಾಗದ ಅಂಟಿಸಿದೆವು. ಸೆಲ್ಲಿಗೆ ನೇರವಾಗಿ ಕಾದ ಕಾವಿಕೋಲು ಹಿಡಿದು ಬೆಸುಗೆ ಹಾಕಬಾರದು. ಆ ಬಿಸಿ ಒಳಗಿನ ಪದರಗಳನ್ನು ಕೆಡಿಸುತ್ತದೆ. ನಿಕ್ಕಲ್ ಪಟ್ಟಿ ಇಟ್ಟು, ಕ್ಷಣಮಾತ್ರ ಕರೆಂಟು ಹಾಯಿಸುವ ಸ್ಪಾಟ್ ವೆಲ್ಡಿಂಗ್ ಯಂತ್ರದಿಂದ ಚುಕ್ಕಿ ಚುಕ್ಕಿಯಾಗಿ ಅಂಟಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಅಕ್ಕಪಕ್ಕ ಸೇರಿಸುವ ಮೊದಲು ಸೆಲ್ಲುಗಳನ್ನು ಒಂದೇ ಮಟ್ಟಕ್ಕೆ ತರಬೇಕು. ಒಂದು 4.1, ಇನ್ನೊಂದು 3.3 ಇರುವಾಗ ಪಟ್ಟಿ ಹಚ್ಚಿದರೆ ತುಂಬಿದ್ದು ಖಾಲಿ ಇದ್ದದ್ದರ ಮೇಲೆ ಒಮ್ಮೆಲೇ ನುಗ್ಗುತ್ತದೆ. ಎರಡೂ ಕಾಯುತ್ತವೆ, ಎರಡಕ್ಕೂ ಕೇಡು. ನಿಧಾನವಾಗಿ ಸಮಮಾಡಿ ಆಮೇಲೆ ಕೂಡಿಸಿದರೆ ವರ್ಷಗಟ್ಟಲೆ ಹಂಚಿಕೊಂಡು ದುಡಿಯುತ್ತವೆ.

ಪಟ್ಟಿ ಹಚ್ಚುತ್ತ ನನಗೆ ಬಾಬಾಸಾಹೇಬರ ಮಾತಿನ ದಾರಿ ಕಂಡಿತು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಒಂದರಿಂದ ಒಂದು ಬಿಡಿಸಲಾಗದು ಎಂದರು ಅವರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಸಮಾನತೆ ಇಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಅದು ಕಟ್ಟಿದ್ದನ್ನೇ ಒಡೆಯುತ್ತದೆ ಎಂದು ಎಚ್ಚರಿಸಿದರು. ನಾವೆಲ್ಲ ಒಂದೇ ಎಂದು ಮೇಲೊಂದು ಪಟ್ಟಿ ಹಚ್ಚಿ ಒಳಗಿನ ಏರುಪೇರನ್ನು ಹಾಗೇ ಬಿಟ್ಟರೆ ಆ ಐಕ್ಯ ಸುಡುತ್ತದೆ. ಮೊದಲು ಸಮತೆ ಬರಬೇಕು, ಆಗ ಕೂಡುವುದರಲ್ಲಿ ತಂಪಿರುತ್ತದೆ.

ಹೋಲಿಕೆಗೆ ಒಂದು ಗಡಿ ಇದೆ, ಅದನ್ನೂ ಹೇಳಿಬಿಡಬೇಕು. ಬಲ ಕುಂದಿದ ಸೆಲ್ಲನ್ನು ನಾವು ಸಾಲಿನಿಂದ ತೆಗೆದೆವು. ಮನುಷ್ಯನನ್ನು ಹಾಗೆ ತೆಗೆಯುವಂತಿಲ್ಲ. ಸೆಲ್ಲಿನ ಬೆಲೆ ಅದರ ತಾಕತ್ತಿನಷ್ಟೇ. ಮನುಷ್ಯನ ಬೆಲೆ ತಾಕತ್ತಿನಿಂದ ಬರುವುದಿಲ್ಲ. 1936ರ *ಜಾತಿ ವಿನಾಶ*ದಲ್ಲಿ ಬಾಬಾಸಾಹೇಬರು ಈ ವಾದವನ್ನು ನೇರವಾಗಿ ಎದುರಿಸಿದ್ದಾರೆ. ಮನುಷ್ಯರ ಶಕ್ತಿ ಸಾಮರ್ಥ್ಯ ಒಂದೇ ಥರ ಇಲ್ಲ ಎಂಬುದನ್ನು ಒಪ್ಪಿಕೊಂಡೇ, ಆ ಕಾರಣಕ್ಕೆ ಅವರನ್ನು ಅಸಮಾನವಾಗಿ ನಡೆಸಿಕೊಳ್ಳಬೇಕೇ ಎಂದು ಕೇಳಿದ್ದಾರೆ. ನಮ್ಮ ಓದಿನ ಕೋಣೆಯಲ್ಲಿ ಹಿಂದೆ ಬಿದ್ದ ಮಗುವಿನ ಪಕ್ಕ ಹೆಚ್ಚು ಹೊತ್ತು ಕೂಡುವುದೇ ಅದಕ್ಕೆ ನಮ್ಮ ಉತ್ತರ.

*ಮಾಡಿದ ಮೇಲೆ*

ಮೂರನೆಯ ನೋಟವನ್ನೇ ನಾವು ಹೆಚ್ಚಾಗಿ ಮರೆಯುವುದು. ಲ್ಯಾಪ್‌ಟಾಪ್ ಹೊತ್ತಿಕೊಂಡಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಕೆಲಸ ಮುಗಿಯಿತು ಎನ್ನುತ್ತೇವೆ. ಮುಗಿದಿರಲಿಲ್ಲ. ಮೂರು ಸಂಜೆ ಪಕ್ಕದಲ್ಲೇ ಕೂತು ಚಾರ್ಜ್ ಮಾಡಿದೆವು. ಆಗಾಗ ಮುಂಗೈ ತಾಗಿಸಿ ಬಿಸಿ ನೋಡಿದೆವು. ತುಂಬಿದಾಗ 12.6 ವೋಲ್ಟ್, ಮೂರು ಜೋಡಿಗಳೂ ಸಮ. ಕರೆಂಟಿಲ್ಲದೆ ಎರಡೂವರೆ ಗಂಟೆ ನಡೆಯಿತು.

ಬೋರ್ಡಿನಲ್ಲಿ ಇನ್ನೂ ಹಳೆಯ ಸೆಲ್ಲುಗಳ ನೆನಪಿದೆ. ಪರದೆಯ ಮೇಲೆ ಅದು ತೋರಿಸುವ ಶೇಕಡಾ ಲೆಕ್ಕ ಸದ್ಯಕ್ಕೆ ಸರಿಯಿಲ್ಲ. ಅದನ್ನು ಮುಚ್ಚಿಡಲಿಲ್ಲ. ಡಬ್ಬಿಯ ಹಿಂದೆ ಒಂದು ಚೀಟಿ ಅಂಟಿಸಿದೆವು: ಕಟ್ಟಿದ ದಿನ, ಸೆಲ್ಲಿನ ಮಾದರಿ, ಇದು ಕಂಪನಿಯದಲ್ಲ, ಕೈಯಲ್ಲಿ ಕಟ್ಟಿದ್ದು. ರಾತ್ರಿ ಚಾರ್ಜಿಗೆ ಹಾಕಿ ಮಲಗಬಾರದು. ಉಬ್ಬಿದರೆ, ವಾಸನೆ ಬಂದರೆ, ಕೈಗೆ ಸುಟ್ಟರೆ ತಕ್ಷಣ ನಿಲ್ಲಿಸಿ ತಿಳಿಸಬೇಕು. ಸಮ್ಮಾ ವಾಚಾ ಎಂದರೆ ಬಾಯಿಂದ ಆಡಿದ್ದು ಮಾತ್ರವಲ್ಲ. ನಾವು ಕೊಟ್ಟ ವಸ್ತುವಿನ ಗುಣವನ್ನೂ ದೋಷವನ್ನೂ ತಿಳಿಸುವುದೂ ಸತ್ಯದ ಮಾತೇ. ದಾನ ಎಂದು ಕೊಟ್ಟದ್ದಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ದಾನ ಪಡೆದವರು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ.

ಹಳೆಯ ಮೂರು ಒಳ್ಳೆಯ ಸೆಲ್ಲುಗಳು ಏನಾದವು? ಲ್ಯಾಪ್‌ಟಾಪಿಗೆ ಸಾಲದಿದ್ದರೂ ದೀಪಕ್ಕೆ ಸಾಕು. ಒಂದೊಂದು ಸೆಲ್ಲಿಗೆ ಒಂದೊಂದು ಸಣ್ಣ ರಕ್ಷಣಾ ಬೋರ್ಡು, ಒಂದು ಎಲ್‌ಇಡಿ. ಮೂರು ಓದುವ ದೀಪಗಳಾದವು. ಈ ದಾರಿ ನಮ್ಮದೇನಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಐಬಿಎಂ ಸಂಶೋಧಕರು ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳ ಸೆಲ್ಲುಗಳಿಂದ 'ಉರ್‌ಜಾರ್' ಎಂಬ ಪೆಟ್ಟಿಗೆ ಕಟ್ಟಿ, ಕರೆಂಟಿನ ಕೊರತೆ ಇದ್ದ ಬಡವರಿಗೆ ದೀಪ ಉರಿಸಲು ಕೊಟ್ಟು ನೋಡಿದರು. ಅವರು ಪರೀಕ್ಷಿಸಿದ ಬಿಸಾಡಿದ ಬ್ಯಾಟರಿಗಳಲ್ಲಿ ಕನಿಷ್ಠ ಶೇಕಡಾ 70ರಷ್ಟು, ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು, ಒಂದು ವರ್ಷ ಉರಿಸುವಷ್ಟು ಶಕ್ತಿ ಉಳಿಸಿಕೊಂಡಿದ್ದವು. ಹತ್ತರಲ್ಲಿ ಏಳು! ಲೋಕ ಕೆಲಸಕ್ಕೆ ಬಾರದ್ದು ಎಂದು ಹೊರಗೆಸೆದದ್ದರಲ್ಲಿ ಎಷ್ಟು ಬೆಳಕಿರುತ್ತದೆ ನೋಡಿ.

ಇನ್ನು ಉಳಿದದ್ದು ಕೆಟ್ಟ ಮೂರು ಸೆಲ್ಲುಗಳು. ಕಸದ ಡಬ್ಬಿಗೆ ಎಸೆದರೆ ಒಂದು ನಿಮಿಷದ ಕೆಲಸ. ಆದರೆ ಎಸೆದದ್ದು ಎಲ್ಲಿಗೆ ಹೋಗುತ್ತದೆ? ಕಸದ ಗಾಡಿಗೆ, ಅಲ್ಲಿಂದ ತಿಪ್ಪೆಗೆ. ಅದಕ್ಕೆ ಕೈ ಹಾಕುವವರು ಯಾರು? ಪೌರಕಾರ್ಮಿಕರು, ಚಿಂದಿ ಆಯುವವರು. ಬಂಧುಗಳೇ, ಅವರಲ್ಲಿ ಹೆಚ್ಚಿನವರು ನಮ್ಮವರೇ. ಜಜ್ಜಿದ ಸೆಲ್ ಕಸದೊಳಗೆ ಹೊತ್ತಿಕೊಂಡರೆ ಸುಡುವುದು ಅವರ ಕೈ, ಹೊಗೆ ಕುಡಿಯುವುದು ಅವರ ಮಕ್ಕಳು. ಬೇರೆಯವರಿಗೆ ಕೇಡಿದೆಯೇ ಎಂದು ರಾಹುಲನಿಗೆ ಕಲಿಸಿದ ಪ್ರಶ್ನೆ ಇಲ್ಲಿ ಕಣ್ಣೆದುರು ನಿಲ್ಲುತ್ತದೆ. ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸಬಾರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳುತ್ತವೆ. ಬ್ಯಾಟರಿಯ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇರುವುದು ಅದಕ್ಕೇ. ಮೂರೂ ಸೆಲ್ಲುಗಳ ತುದಿಗೆ ಟೇಪ್ ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ತಲುಪಿಸಿದೆವು.

ಒಂದು ಎಚ್ಚರಿಕೆ: ಈ ಸಂದೇಶ ಓದಿ ಯಾರೂ ಚಾಕು ಹಿಡಿದು ಬ್ಯಾಟರಿ ತೆರೆಯಲು ಹೋಗಬೇಡಿ. ಮೀಟರು ಹಿಡಿಯಲು ಬಾರದವರು, ಸ್ಪಾಟ್ ವೆಲ್ಡಿಂಗ್ ಯಂತ್ರ ಇಲ್ಲದವರು ಬಲ್ಲವರಿಂದ ಮಾಡಿಸಿ, ಅವರ ಎದುರಿಗೆ ಕೂತು ಪ್ರಶ್ನೆ ಕೇಳಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ. ತನ್ನ ಅಳತೆ ತಾನು ಅರಿತಿರುವುದೂ ಅಪ್ಪಮಾದವೇ.

ಕೊನೆಯದಾಗಿ ನಮ್ಮ ನೆಲದ ಮಾತು. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಬರೆಸಿದ ಶಾಸನಗಳಿವೆ. ಹಿಟ್ನಾಳದಿಂದ ಕೊಪ್ಪಳಕ್ಕೆ ಹೋದವರು ಒಮ್ಮೆಯಾದರೂ ಹತ್ತಿ ನೋಡಿ. ನಾನು ಉಪಾಸಕನಾದ ಮೊದಲಲ್ಲಿ ಅಷ್ಟೊಂದು ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂದು ಅಲ್ಲಿ ಚಕ್ರವರ್ತಿಯೇ ಹೇಳಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗಷ್ಟೇ ಸಿಗುವುದಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಆ ಶಾಸನದ ತಿರುಳು. ಇದೇ ಅಶೋಕ ರಾಜಸ್ಥಾನದ ಬೈರಾಟದ ಶಾಸನದಲ್ಲಿ ಭಿಕ್ಖು, ಭಿಕ್ಖುಣಿ, ಉಪಾಸಕ, ಉಪಾಸಿಕೆಯರು ಮತ್ತೆ ಮತ್ತೆ ಕೇಳಬೇಕಾದ ಏಳು ಧಮ್ಮ ಪಾಠಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ಒಂದು, ಸುಳ್ಳಿನ ಕುರಿತು ರಾಹುಲನಿಗೆ ಹೇಳಿದ ಉಪದೇಶ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಚಕ್ರವರ್ತಿ ಓದಿ ಎಂದು ಕಲ್ಲಿನಲ್ಲಿ ಕೊರೆಸಿದ ಪಾಠವನ್ನು ನಾವು ಇವತ್ತು ಫೋನಿನಲ್ಲಿ ಓದುತ್ತಿದ್ದೇವೆ.

ಗೋಡೆ ಗಿಲಾವು ಮಾಡಿದ ಮೇಲೆ ಇಟ್ಟಿಗೆಯ ನಡುವಿನ ಸಿಮೆಂಟು ಕಾಣುವುದಿಲ್ಲ. ಪೈಪಿನೊಳಗೆ ಹೋದ ವೈರಿನ ಗಂಟು ಕಾಣುವುದಿಲ್ಲ. ಅಂಗನವಾಡಿಯ ಪಾತ್ರೆಗೆ ಹಾಕಿದ ಬೇಳೆ ಎಷ್ಟು ಎಂದು ಕುದಿದ ಮೇಲೆ ಕಾಣುವುದಿಲ್ಲ. ಲೋಕ ನಿಂತಿರುವುದು ಇಂಥ ಕಾಣದ ಕೆಲಸಗಳ ಮೇಲೆ. ಪಂಚಶೀಲವನ್ನು ಬುದ್ಧವಂದನೆಯ ಹೊತ್ತಿಗೆ ಬಾಯಿಂದ ಹೇಳುತ್ತೇವೆ. ಅದು ಇದೆಯೋ ಇಲ್ಲವೋ ತಿಳಿಯುವುದು ಇಂಥ ಮುಚ್ಚಿದ ಜಾಗಗಳಲ್ಲಿ.

*ಇಂದಿನ ಅಭ್ಯಾಸ*

ಇವತ್ತು ನಿಮ್ಮ ಕೈಯಿಂದ ಆಗುವ ಕೆಲಸಗಳಲ್ಲಿ, ಮುಗಿದ ಮೇಲೆ ಬೇರೆ ಯಾರಿಗೂ ಕಾಣದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದಕ್ಕೆ ಮೂರು ಸಲ ಕನ್ನಡಿ ಹಿಡಿಯಿರಿ.
1. ಶುರು ಮಾಡುವ ಮೊದಲು: ಇದನ್ನು ಬಳಸುವವರು ಯಾರು? ಕೆಟ್ಟರೆ ಯಾರ ಮೈಗೆ ತಾಗುತ್ತದೆ?
2. ಮಾಡುತ್ತಿರುವಾಗ: ಅವಸರಕ್ಕೆ ಯಾವುದನ್ನಾದರೂ ಬಿಡುತ್ತಿದ್ದೇನೆಯೇ?
3. ಮುಗಿದ ಮೇಲೆ: ಇದರ ನಿಜವನ್ನು ತಿಳಿಸಬೇಕಾದವರಿಗೆ ತಿಳಿಸಿದೆನೇ?

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಆನಾಪಾನ ಮಾಡಿ, ಈ ಮೂರು ಉತ್ತರಗಳನ್ನು ಮನಸ್ಸಿಗೆ ತಂದುಕೊಳ್ಳಿ. ಮನೆಯ ಮಕ್ಕಳಿಗೂ ರಾಹುಲನ ಕಥೆ ಹೇಳಿ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರೂ ನಿರ್ಭಯವಾಗಿರಲಿ.

ನಮೋ ಬುದ್ಧಾಯ 🙏 ಜೈ ಭೀಮ್